ಗುಬ್ಬಿಯ ಜೊಲ್ಲು, ನಾದಿನಿಯ ಸಂಡಿಗೆ

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅದು ತನಗೆ ಅನುಕೂಲವಾದದ್ದನ್ನು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿಡುತ್ತದೆ, ಉಳಿದದ್ದನ್ನು ಗುಬ್ಬಿಗೆ ಚೆಲ್ಲುತ್ತದೆ. ಹಾಗಾಗಿ ಈ ಪ್ರಕರಣದಲ್ಲಿ ಹೆಂಡತಿ ಕಮಲಾ ಹೇಳುವುದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಐವತ್ತರ ದಶಕದ ಒಂದು ಬೇಸಿಗೆ. ಹುನಗುಂದದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ನಾನು ರಜೆಯಲ್ಲಿ ಒಂದು ಹಳೆಯ ಪುಸ್ತಕ ಹಿಡಿದಿದ್ದೆ. ಒಣಕಾಳು ತಿನ್ನುವ ಹಕ್ಕಿಗೆ ಜೊಲ್ಲು ಸುರಿಸುವ ಲಾಲಾಗ್ರಂಥಿ ದೊಡ್ಡದು, ಮೀನು ನುಂಗುವ ಹಕ್ಕಿಗೆ ಇದ್ದೂ ಇಲ್ಲದಂತೆ ಎಂದಿತ್ತು. ಹಾಗಾದರೆ ಬೇಸಿಗೆಯಲ್ಲಿ ಜೋಳ ತಿಂದು ಮಳೆಗಾಲದಲ್ಲಿ ಹುಳ ಹಿಡಿಯುವ ನಮ್ಮ ಗುಬ್ಬಿಯ ಗತಿಯೇನು? ಋತು ನೋಡಿ ಅದರ ಬಾಯಿಯ ನೀರು ಏರಿಳಿಯುತ್ತದೆಯೇ? ಜೊಲ್ಲಿನಿಂದಲೇ ಬಂಡೆಗೆ ಗೂಡು ಅಂಟಿಸುವ ಹಕ್ಕಿಗಳು ಬಾದಾಮಿಯಲ್ಲಿವೆ, ಗೂಡು ಕಟ್ಟುವ ಕಾಲಕ್ಕೆ ಅವುಗಳ ಗ್ರಂಥಿ ಊದುತ್ತದಂತೆ. ಆದರೆ ಅಲ್ಲಿಗೆ ಹೋಗಲು ಬಸ್ಸಿಗಾಗಿ ಬಿಸಿಲಲ್ಲಿ ನಿಲ್ಲಬೇಕು. ಗುಬ್ಬಿಯಾದರೋ ತಾನಾಗಿಯೇ ನಮ್ಮ ಮನೆಯ ಮಾಳಿಗೆಗೆ ಬರುತ್ತದೆ. ನನ್ನ ವಿಜ್ಞಾನ ಯಾವಾಗಲೂ ಇಂಥ ಸೋಮಾರಿತನದಿಂದಲೇ ಶುರುವಾಗಿದೆ.

ಆ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಕಮಲಾ ಸಂಡಿಗೆ ಇಟ್ಟಿದ್ದಳು. ಇಳಕಲ್ಲಿನಲ್ಲಿ ಅವಳ ತಂಗಿಯ ಮದುವೆ. ಸಂಡಿಗೆ ಹಿರಿಮಗಳ ಮನೆಯಿಂದ ಹೋಗಬೇಕೆಂದು ಮಾತಾಗಿತ್ತು. ಕೈಗೆ ಕೋಲು ಕೊಟ್ಟು, "ಆಡಸ್ಕೋತ ಕುಂದರ್ರಿ. ನನ್ನ ಮಾನ ಈ ಮಾಳಿಗಿ ಮ್ಯಾಲೆ ಐತಿ" ಎಂದು ಇಳಿದುಹೋದಳು.

ಕೋಲು ಆಡಿಸಿದರೆ ಗುಬ್ಬಿ ಬರುವುದಿಲ್ಲ. ಗುಬ್ಬಿ ಬರದಿದ್ದರೆ ಪ್ರಯೋಗವಿಲ್ಲ. ಕೋಲನ್ನು ಮೂಲೆಗಿಟ್ಟೆ. ಸಂಡಿಗೆಯ ಪಕ್ಕದಲ್ಲಿ ನೆನೆಸಿದ ಜೋಳದ ಬಟ್ಟಲಿಟ್ಟು, ಕೊಡೆಯ ಮರೆಯಲ್ಲಿ ಕುಳಿತೆ. ಎಷ್ಟು ಹೊತ್ತೋ ನೆನಪಿಲ್ಲ. ಕಮಲಾ ಪ್ರಕಾರ ಅವಳು ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸುವಷ್ಟು.

"ಏನ್ ನಡಿಸೀರಿ ಇದು?" ಎಂದಳು ಮೇಲೆ ಬಂದ ಕಮಲಾ.

"ಗದ್ಲ ಮಾಡಬ್ಯಾಡ! ನೆನಸಿದ್ದು ಪಕ್ಕದಾಗ ಇದ್ರೂ ಒಣಾದನ್ನs ತಿಂತಾವ. ಅಂದ್ರ ಬಾಯಾಗ ಬೇಕಾದಷ್ಟು ನೀರ ಐತಿ ಅಂತಾತು."

"ಒಣಾದು ಎಲ್ಲೈತ್ರಿ ಈಗ?"

ನೋಡಿದೆ. ಧೋತರದ ಮೇಲೆ ಗುಂಡನೆಯ ಕಲೆಗಳಷ್ಟೇ ಉಳಿದಿದ್ದವು. ಪಕ್ಕದ ಮಾಳಿಗೆಯಿಂದ ಶಾಂತಕ್ಕ ಇಣುಕಿ, "ಮಾಸ್ತರ, ಗುಬ್ಬಿಗೂ ಸಾಲಿ ತಗದೀರೇನ್ರಿ?" ಎಂದಳು.

"ಅವೆಲ್ಲಾ ಪಾಸ್ ಆದು ಶಾಂತಕ್ಕಾ. ಮಾಸ್ತರs ನಪಾಸ" ಎಂದ ಕಮಲಾ ಬರಿದಾದ ಧೋತರವನ್ನು ಮಡಚತೊಡಗಿದಳು. ನಾನು ನಗಲು ಹೊರಟವನು ಎದ್ದು ಅದರ ಇನ್ನೊಂದು ತುದಿ ಹಿಡಿದೆ.

ಶಾಂತಕ್ಕ ತನ್ನ ಮನೆಯ ದೊಡ್ಡ ಸಂಡಿಗೆ ಡಬ್ಬಿಯನ್ನೇ ಕೊಟ್ಟಳು. ಮಾನ ಉಳಿಯಿತು, ತಲೆಗೊಂದು ಸಂಡಿಗೆಯಂತೆ. ಮದುವೆಯ ಪಂಕ್ತಿಯಲ್ಲಿ ಕರಿದ ಸಂಡಿಗೆಯ ಬುಟ್ಟಿ ಬಂತು. ಹಿಡಿದವರು ಅತ್ತೆ ಎಂದು ನನ್ನ ನೆನಪು. ತಾನೇ ಎಂದು ಕಮಲಾ. ಕೈ ಯಾರದಾದರೂ ಆಗಲಿ, ಬುಟ್ಟಿ ನನ್ನ ಎಡಗಡೆಯವರ ಎಲೆಯಿಂದ ನೇರ ಬಲಗಡೆಯವರ ಎಲೆಗೆ ಜಿಗಿಯಿತು. "ಇವ್ರ ಪಾಲು ಹುನಗುಂದದಾಗs ಬಡಿಸಿ ಆಗೇತಿ" ಎಂಬ ಮಾತು ಕೇಳಿಸಿತು.

ಬಲಗಡೆಯವರು ಕರಕರ ಕಡಿದರು. ನನ್ನ ಎರಡು ದವಡೆಗಳ ಬುಡದಿಂದ ನೀರು ಒತ್ತರಿಸಿ ಬಂತು. ಒಣ ಆಹಾರಕ್ಕೂ ಲಾಲಾಗ್ರಂಥಿಗೂ ಇರುವ ಸಂಬಂಧಕ್ಕೆ ಪುರಾವೆ ಸಿಕ್ಕಿದ್ದು ಅಲ್ಲಿಯೇ. ಅದಕ್ಕೆ ಆಹಾರ ಬಾಯಿಗೆ ಬರಬೇಕೆಂದೇನೂ ಇಲ್ಲ ಎಂಬುದು ನನ್ನ ಸ್ವಂತ ಶೋಧ. ಗುಬ್ಬಿಯ ವಿಷಯ ಮಾತ್ರ ಇಂದಿಗೂ ನನಗೆ ಗೊತ್ತಿಲ್ಲ.