ಸೋರೆಕಾಯಿಗೆ ದಫೇದಾರನ ಕಾವಲು

ಹೊಲಿಗೆಯಮ್ಮನ ನಾದಿನಿಗೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿತ್ತು: "ಅತ್ತಿಗೆ ಕೈಯಲ್ಲಿ ಸೂಜಿ ಕುಣಿಯುತ್ತೆ, ಗಿಡ ಮಾತ್ರ ನಿಂತಲ್ಲೇ ಒಣಗುತ್ತೆ." ನಾದಿನಿ ಶಾಲೆಯಲ್ಲಿ ಹೆಡ್‌ಮಿಸ್ಸಾಗಿದ್ದವಳು. ಹೇಳಿದ್ದು ಎದುರಿಗಿರುವವರ ತಲೆಗೆ ಇಳಿಯುವ ತನಕ ಹೇಳುತ್ತಲೇ ಇರಬೇಕು ಎಂಬುದು ಅವಳ ಬೋಧನಾ ಪದ್ಧತಿ. ನಿವೃತ್ತಿಯಾದ ಮೇಲೆ ಮಕ್ಕಳು ಕೈತಪ್ಪಿ ಹೋದರು. ಅತ್ತಿಗೆ ಎಲ್ಲಿಗೆ ಹೋಗುತ್ತಾಳೆ?

ಹೊಲಿಗೆಯಮ್ಮನಿಗೆ ಉರಿಯುತ್ತಿದ್ದುದು ಆ ಮಾತು ಸುಳ್ಳೆಂದಲ್ಲ, ನಿಜವೆಂದು. ಅವಳ ಯಜಮಾನರ ಕೈಗುಣವೇ ಬೇರೆ. ಅವರು ಹಿತ್ತಿಲಿನ ಕೆಸರಲ್ಲಿ ಊರಿ ಮರೆತುಬಂದ ಕೊಡೆಯೂ ಚಿಗುರೀತು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹೊಲಿಗೆಯಮ್ಮ ನೀರೆರೆದರೆ ಕಳೆಯೂ ಕಣ್ಣು ಮುಚ್ಚುತ್ತಿತ್ತು. (ಯಜಮಾನರು ಅವಳಿಗೆ ಕಳೆ ಇರುವ ಕಡೆಗೇ ನೀರು ಹಾಕಲು ಹೇಳುತ್ತಿದ್ದರು. ಅದು ಪ್ರೀತಿಯೋ ಲೆಕ್ಕಾಚಾರವೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.)

ಯಜಮಾನರು ಹೋದ ಮೇಲೆ ಹಿತ್ತಿಲು ಬೋಳಾಯಿತು. ಹಾಗಿರುವಾಗ ಈ ಬೇಸಿಗೆಯಲ್ಲಿ, ಅವಳು ತಾನೇ ಬೀಜ ಊರಿದ ಸೋರೆಬಳ್ಳಿಯೊಂದು ಎದ್ದು, ಚಪ್ಪರ ಹತ್ತಿ, ಹೂ ಬಿಟ್ಟು, ಒಂದೇ ಒಂದು ಕಾಯಿ ಹಿಡಿಯಿತು. ಹೊಲಿಗೆಯಮ್ಮ ನಂಬಲಿಲ್ಲ. ಪಕ್ಕದ ಮನೆಯ ಬಳ್ಳಿ ಗೋಡೆ ಹಾರಿ ಬಂದಿರಬಹುದೆಂದು ಕಾಯಿಯ ತೊಟ್ಟಿನಿಂದ ಹಿಡಿದು ಬುಡದವರೆಗೆ ಬಳ್ಳಿಯನ್ನು ಬೆರಳಲ್ಲಿ ಸವರುತ್ತಾ ಬಂದಳು. ಬುಡ ಅವಳದ್ದೇ. ಆಗಲೇ ನಿಶ್ಚಯಿಸಿದಳು: ಬೇಸಿಗೆ ಮುಗಿಯುವ ಹೊತ್ತಿಗೆ ನಾದಿನಿ ಬರುತ್ತಾಳೆ, ಈ ಕಾಯನ್ನು ಅವಳ ಕಣ್ಣೆದುರೇ ಕೊಯ್ದು ತೊಡೆಯ ಮೇಲಿಟ್ಟು, "ಅತ್ತಿಗೆ, ನಿಮ್ಮ ಕೈಯಲ್ಲೂ ಬೆಳೆಯುತ್ತೆ" ಎಂದು ಆ ಬಾಯಿಂದಲೇ ಹೇಳಿಸಬೇಕು. ಅಷ್ಟಾದರೆ ಸಾಕು, ಆಮೇಲೆ ಬಳ್ಳಿ ಒಣಗಿದರೆ ಒಣಗಲಿ.

ಎಳೆಯ ಸೋರೆಕಾಯಿಗೆ ಒಂದು ಜಾತಿಯ ನೊಣ ಬಂದು ಚುಚ್ಚುತ್ತದೆ. ಚುಚ್ಚಿದ ಜಾಗ ಕೊಳೆಯುತ್ತದೆ. ಅದಕ್ಕೆ ಹೊಲಿಗೆಯಮ್ಮ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದಳು. ಪೆಟ್ಟಿಗೆಯ ತಳದಿಂದ ದಪ್ಪ ಬಟ್ಟೆಯೊಂದನ್ನು ತೆಗೆದು, ಎರಡು ಸಲ ಕುದಿಸಿ ಒಗೆದು, ಕಾಯಿಯ ಅಳತೆ ಹಿಡಿದು (ಬೆಳೆಯುವ ಮಕ್ಕಳಿಗೆ ಬಿಡುವ ಹಾಗೆ ಉದ್ದಕ್ಕೂ ಅಗಲಕ್ಕೂ ಬಿಟ್ಟು) ಉದ್ದನೆಯ ಚೀಲ ಹೊಲಿದು, ಬಾಯಿಗೆ ಲಾಡಿ ಹಾಕಿ ತೊಡಿಸಿದಳು. ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ಹೊಲಿದಿದ್ದಳು. ಹಳೆಯ ಬಟ್ಟೆ ತಿರುವಿ ಹೊಲಿಯುವುದು ಅವಳ ಮೊದಲಿನಿಂದಲೂ ಬಂದ ರೂಢಿ. ಹೊರಮೈ ಎಷ್ಟೇ ಮಾಸಿರಲಿ, ಒಳಮೈ ಹೊಸದರ ಹಾಗಿರುತ್ತದೆ. ಇದು ನಮ್ಮ ಬಟ್ಟೆ ಎಂದು ಕೊಟ್ಟವರಿಗೂ ಗುರುತು ಹತ್ತುವುದಿಲ್ಲ. ಅದು ಯಾವ ಬಟ್ಟೆ ಎಂದು ನೀವೂ ಈಗಲೇ ಕೇಳಬೇಡಿ.

ಕಾಯಿ ಚೀಲದೊಳಗೆ ಕತ್ತಲಲ್ಲಿ ಏನು ಮಾಡುತ್ತಿದೆಯೋ ಎಂದು ಅವಳು ಬೆಳಿಗ್ಗೆ ಸಂಜೆ ಹೊರಗಿನಿಂದ ಒತ್ತಿ ನೋಡುತ್ತಿದ್ದಳು. ಅದು ಸುಮ್ಮನೆ ಬೆಳೆಯುತ್ತಿತ್ತು. ಚೀಲದ ತುದಿ ನೆಲ ಮುಟ್ಟುವಷ್ಟಾದಾಗ ಮಗಳೂ ಅಳಿಯನೂ ಬಂದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಕೊಳಾಯಿ ರಿಪೇರಿಯವನು. ಅವರಿಗಿಂತ ಮುಂದಾಗಿ ಒಳಗೆ ನುಗ್ಗಿದವನು ದಫೇದಾರ.

ದಫೇದಾರ ನಾಯಿ. ಎದೆ ಮುಂದೆ ಮಾಡಿಕೊಂಡು ನಡೆಯುತ್ತಾನೆಂದು ಯಜಮಾನರೇ ಇಟ್ಟ ಹೆಸರು. ಈ ಮನೆಯಲ್ಲೇ ಬೆಳೆದವನು. ಯಜಮಾನರು ಹಿತ್ತಿಲಲ್ಲಿ ಅಗೆಯುತ್ತಿದ್ದರೆ ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗುವುದೇ ಅವನ ಉದ್ಯೋಗ. ಅವರು ಹೋದ ಮೇಲೆ ಊಟ ಬಿಟ್ಟು ಬಾಗಿಲು ಕಾಯುತ್ತಾ ಕೂತಿದ್ದವನನ್ನು ಮಗಳು ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಈಗ ಬಂದವನು ಯಾರನ್ನೂ ಮಾತಾಡಿಸಲಿಲ್ಲ. ಮೂಗು ನೆಲಕ್ಕಿಟ್ಟು ನೇರ ಹಿತ್ತಿಲಿಗೆ ಹೋಗಿ, ಸೋರೆಕಾಯಿಯ ಪಕ್ಕದಲ್ಲಿ ಕೂತ. ಕೂತವನು ಏಳಲಿಲ್ಲ.

ಹೊಲಿಗೆಯಮ್ಮ ಕಾಯಿ ಒತ್ತಿ ನೋಡಲು ಹೋದಳು. "ಗುರ್ರ್" ಎಂದ.

"ಏನೋ ಇದು, ನನಗೇ ಗುರ್ ಅಂತೀಯ? ನಿನಗೆ ಹಾಲು ಕುಡಿಸಿದ ಕೈ ಕಣೋ ಇದು!"

ದಫೇದಾರ ನಾಚಿಕೊಂಡು ಬಾಲ ಅಲ್ಲಾಡಿಸಿದ. ಆದರೆ ಗುರ್ ಅನ್ನುವುದನ್ನು ನಿಲ್ಲಿಸಲಿಲ್ಲ.

ಮನೆಮಂದಿಗೆಲ್ಲ ಇದೇ ಒಂದು ಕುತೂಹಲವಾಯಿತು. ನೆರಳಿಗೆ ಕೂತಿದ್ದಾನೆ ಅನ್ನೋಣವೆಂದರೆ ಬಿಸಿಲು ತಿರುಗಿದಾಗಲೂ ಕದಲುವುದಿಲ್ಲ. ಇಲಿ ಇದೆ ಅನ್ನೋಣವೆಂದರೆ ನೆಲವನ್ನು ನೋಡುವುದೇ ಇಲ್ಲ.

"ಅತ್ತೆ, ಇದು ಪೈಪಿನ ವಿಷಯ," ಎಂದ ಅಳಿಯ. "ನೆಲದೊಳಗೆ ನೀರು ಸೋರಿದ್ರೆ ನಾಯಿಗೆ ಕೇಳಿಸುತ್ತೆ."

"ಆ ಕಡೆ ಪೈಪೇ ಇಲ್ವಲ್ಲ ಅಳಿಯಂದಿರೇ."

"ಇಲ್ಲ ಅಂತ ಹೇಳಿದ್ದು ಯಾರು? ಪೈಪು ತಾನಾಗಿ ಬಂದು ನಾನಿದ್ದೀನಿ ಅಂತ ಹೇಳುತ್ತಾ?"

ಅಷ್ಟು ಹೇಳಿ ಗುದ್ದಲಿ ಎತ್ತಿಕೊಂಡ. ದಫೇದಾರ ಎಲ್ಲಿಯವರೆಗೆ ಬಿಟ್ಟನೋ ಅಲ್ಲಿಯವರೆಗೆ ಅಗೆದ. ಮೊಣಕಾಲುದ್ದದ ಗುಂಡಿಯಲ್ಲಿ ಪೈಪು ಸಿಗಲಿಲ್ಲ, ತುಕ್ಕು ಹಿಡಿದ ನಲ್ಲಿಯೊಂದು ಸಿಕ್ಕಿತು. ಅದನ್ನು ಎತ್ತಿ ಹಿಡಿದು, "ನಾನು ಹೇಳಲಿಲ್ವಾ!" ಎಂದ. ಪೈಪಿಲ್ಲದ ನಲ್ಲಿಯಿಂದ ಏನು ಸಿದ್ಧವಾಯಿತೆಂದು ಯಾರೂ ಕೇಳಲಿಲ್ಲ. ಅಳಿಯನಲ್ಲವೇ!

ಮಗಳು ಥರ್ಮಾಮೀಟರ್ ತಂದು ದಫೇದಾರನಿಗೆ ಎಲ್ಲಿ ಇಡಬೇಕೋ ಅಲ್ಲಿಟ್ಟಳು. "ಜ್ವರ ಇಲ್ಲಮ್ಮ. ಆದ್ರೆ ಮುಖ ನೋಡು, ಮನಸ್ಸಿಗೇನೋ ಆಗಿದೆ."

"ಅಲ್ಲಿ ಥರ್ಮಾಮೀಟರ್ ಇಟ್ಟ ಮೇಲೆ ಯಾರ ಮನಸ್ಸಿಗಾದ್ರೂ ಆಗುತ್ತೆ ಬಿಡು," ಎಂದಳು ಹೊಲಿಗೆಯಮ್ಮ.

ಅವಳ ದಾರಿ ಬೇರೆ. ಬಟ್ಟೆ ಎಲ್ಲಿ ಹಿಡಿಯುತ್ತಿದೆ ಎಂದು ತಿಳಿಯಬೇಕಾದರೆ ತೊಟ್ಟವರ ಮೈಯಲ್ಲೇ ನೋಡಬೇಕು. ಮಧ್ಯಾಹ್ನ ಮಗಳೂ ಅಳಿಯನೂ ನಿದ್ದೆಹೋದರು, ದಫೇದಾರ ನೀರು ಕುಡಿಯಲು ಬಚ್ಚಲಿನ ಕಡೆ ಎದ್ದುಹೋದ. ಹೊಲಿಗೆಯಮ್ಮ ಸೆರಗು ಸುತ್ತಿಕೊಂಡು, ಅವನು ಮಲಗುತ್ತಿದ್ದ ಜಾಗದಲ್ಲೇ, ಅವನು ಮಲಗುತ್ತಿದ್ದ ಹಾಗೆಯೇ ಹೊಟ್ಟೆಯಡಿ ಕೈಕಾಲು ಮಡಚಿ, ಗಲ್ಲ ನೆಲಕ್ಕೆ ಹಚ್ಚಿ ಮಲಗಿದಳು.

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಗೋಡೆಯ ಮೇಲಿಂದ ಇಣುಕಿದರು. "ಅಯ್ಯೋ! ಬಿದ್ರೇನಮ್ಮ?"

"ಇಲ್ಲ ಮೇಷ್ಟ್ರೇ, ನೋಡ್ತಾ ಇದ್ದೀನಿ."

"ಏನನ್ನ?"

"ನಾಯಿ ಏನನ್ನ ನೋಡುತ್ತೆ ಅಂತ."

ಮೇಷ್ಟ್ರ ತಲೆ ನಿಧಾನವಾಗಿ ಗೋಡೆಯಾಚೆ ಇಳಿಯಿತು. ಅಷ್ಟರಲ್ಲಿ ದಫೇದಾರ ವಾಪಸು ಬಂದ. ತನ್ನ ಜಾಗದಲ್ಲಿ ಅಮ್ಮನನ್ನು ಕಂಡು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಮಲಗಿ, ತೂಗುತ್ತಿದ್ದ ಚೀಲದ ತುದಿಗೆ ಗಲ್ಲ ಆನಿಸಿ ನಿಟ್ಟುಸಿರು ಬಿಟ್ಟ.

ಆ ನಿಟ್ಟುಸಿರು ಅವಳಿಗೆ ಗೊತ್ತಿತ್ತು. ಕತ್ತೆತ್ತಿ ನೋಡಿದಳು. ನಿಂತು ನೋಡಿದಾಗ ಅದು ಚೀಲ. ಮಲಗಿ ನೋಡಿದರೆ ಅದು ಕಾಲು. ಪ್ಯಾಂಟು ತೊಟ್ಟ ಕಾಲು. ಮೊಣಕಾಲ ಹತ್ತಿರ ಯಜಮಾನರದ್ದು ಹೇಗೆ ಕೊಂಚ ಬಾಗಿತ್ತೋ ಹಾಗೇ ಬಾಗಿತ್ತು.

ಈಗ ಹೇಳಬಹುದು. ಅದು ಯಜಮಾನರ ಪ್ಯಾಂಟಿನ ಬಟ್ಟೆಯೇ. ಕಂದು ಬಣ್ಣ, ಅದರಲ್ಲಿ ಸಣ್ಣ ಕೆಂಪು ಗೆರೆ. ನಾದಿನಿ ಅಣ್ಣನಿಗೆಂದು ಹುಡುಕಿ ತಂದುಕೊಟ್ಟದ್ದು, ಹೊಲಿದದ್ದು ಹೊಲಿಗೆಯಮ್ಮ. ನಾಲ್ಕು ಜನ ಸೇರುವ ಕಡೆ ಹಾಕಿಕೊಳ್ಳಲಿ ಎಂದು ನಾದಿನಿ ಕೊಟ್ಟರೆ, ಯಜಮಾನರು ಹಿತ್ತಿಲಿಗೆ ಬಿಟ್ಟು ಬೇರೆಲ್ಲೂ ಹಾಕಲಿಲ್ಲ. ಅವರು ಹೋದ ಮೇಲೆ ನಾದಿನಿ, "ಅಣ್ಣನ ನೆನಪಿಗೆ ಆ ಪ್ಯಾಂಟೊಂದು ನನಗೆ ಕೊಡಿ ಅತ್ತಿಗೆ," ಎಂದು ಕೇಳಿದಳು. ಆ ಹೊತ್ತಿಗಾಗಲೇ ಕತ್ತರಿ ಆಡಿಯಾಗಿತ್ತು. ಹೊಲಿಗೆಯಮ್ಮ ತಡವರಿಸಿ, "ತುಂಬಾ ಬೇಕಾದವರಿಗೆ ಕೊಟ್ಟುಬಿಟ್ಟೆ ಕಣಮ್ಮ," ಎಂದಿದ್ದಳು. ನಾದಿನಿ ಕಣ್ಣೊರೆಸಿಕೊಂಡು, "ಒಳ್ಳೇ ಕೆಲಸ ಮಾಡಿದ್ರಿ," ಎಂದಿದ್ದಳು.

ಎರಡು ಸಲ ಕುದಿಸಿ ಒಗೆದದ್ದು ದಫೇದಾರನ ಮೂಗಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಒಂಟಿಕಾಲಲ್ಲಿ ಆದರೂ ಯಜಮಾನರು ಹಿತ್ತಿಲಿಗೆ ಮರಳಿ ಬಂದು ನಿಂತಿದ್ದಾರೆಂದು ಅವನ ಲೆಕ್ಕ. ಹೊಲಿಗೆಯಮ್ಮ ಅವನ ತಲೆ ಸವರುತ್ತಾ ಸುಮಾರು ಹೊತ್ತು ಅಲ್ಲೇ ಮಲಗಿದ್ದಳು. (ಮೇಷ್ಟ್ರು ಇನ್ನೊಮ್ಮೆ ಇಣುಕಿ, ಮತ್ತೆ ಇಳಿದರು.)

ಆಮೇಲೆ ನೆನಪಾಯಿತು, ನಾಳೆ ಬೆಳಿಗ್ಗೆಯೇ ನಾದಿನಿ ಬರುತ್ತಾಳೆ! ಧಡಕ್ಕನೆ ಎದ್ದು ಕತ್ತರಿ ತಂದಳು. ಕಾಯಿ ಕೊಯ್ದು, ಚೀಲ ಬಿಚ್ಚಿ, ಒಲೆಗೆ ಹಾಕಿಬಿಟ್ಟರೆ ಮುಗಿಯಿತು. ದಫೇದಾರ ಈ ಸಲ ಗುರ್ ಅನ್ನಲಿಲ್ಲ. ಕತ್ತರಿಯನ್ನು ನೋಡಿದ, ಅವಳ ಮುಖ ನೋಡಿದ. ಹೊಲಿಗೆಯಮ್ಮ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದುಬಿಟ್ಟಳು.

ಬೆಳಿಗ್ಗೆ ನಾದಿನಿ ಬಂದಳು. ಹೆಗಲಲ್ಲಿ ಅವಳ ಹೆಸರಾಂತ ಕೈಚೀಲ. ಬೂದುಬಣ್ಣದ ಗಟ್ಟಿ ಚೀಲ, ಯಜಮಾನರು ಹೋದ ಹೊಸತರಲ್ಲಿ ಹೊಲಿಗೆಯಮ್ಮನೇ ಒಳಗೆ ಬಿಳಿ ಅಸ್ತರು ಹಚ್ಚಿ ಹೊಲಿದುಕೊಟ್ಟದ್ದು. ಅದಿಲ್ಲದೆ ನಾದಿನಿ ಬೀದಿಯ ತುದಿಗೂ ಹೋಗುವವಳಲ್ಲ.

"ಎಲ್ಲರೂ ಕೇಳ್ತಾರೆ ಅತ್ತಿಗೆ, ಎಂಥಾ ಬಟ್ಟೆ, ಹರಿಯೋದೇ ಇಲ್ವಲ್ಲ ಅಂತ. ನಿಮ್ಮ ಕೈಯಲ್ಲಿ ಸೂಜಿ..."

"ಕುಣಿಯುತ್ತೆ, ಗಿಡ ಒಣಗುತ್ತೆ. ಗೊತ್ತು. ಕಾಫಿ ಕುಡಿ ಬಾ."

ಆಗ ನಡೆಯಬಾರದ್ದು ನಡೆಯಿತು. ಬಂದಾಗಿನಿಂದ ನೀರು ಕುಡಿಯುವುದಕ್ಕಲ್ಲದೆ ಚಪ್ಪರ ಬಿಟ್ಟು ಕದಲದಿದ್ದ ದಫೇದಾರ ಎದ್ದು ಬಂದ. ಗಾಳಿಯಲ್ಲಿ ಮೂಗಾಡಿಸಿದ. ನೇರ ನಾದಿನಿಯ ಬಳಿ ಹೋಗಿ, ಅವಳು ಕುರ್ಚಿಯ ಪಕ್ಕ ಇಳಿಸಿದ್ದ ಚೀಲದ ಮೇಲೆ ಗಲ್ಲ ಇಟ್ಟು ನಿಟ್ಟುಸಿರು ಬಿಟ್ಟ.

"ನೋಡಿದ್ರಾ!" ನಾದಿನಿ ಅರಳಿದಳು. "ಪಾಠ ಹೇಳಿದವರನ್ನ ಮೂಕಪ್ರಾಣಿಗಳೂ ಗುರುತಿಸ್ತಾವೆ."

ಹೊಲಿಗೆಯಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು. ಕಾವಲಿನವನು ಜಾಗ ಬಿಟ್ಟ ಇಂಥ ಸಮಯ ಇನ್ನೊಮ್ಮೆ ಸಿಕ್ಕದು. ಸೊಂಟದ ಕತ್ತರಿ ತಡವಿಕೊಂಡು ಹಿತ್ತಿಲಿಗೆ ಓಡಿ, ಅಳಿಯನ ಗುಂಡಿಯನ್ನು ದಾಟಿ, ತೊಟ್ಟು ಕತ್ತರಿಸಿ, ಕಾಯನ್ನು ಮಗುವಿನಂತೆ ಕಂಕುಳಿಗೆ ಹಾಕಿಕೊಂಡಳು. ಲಾಡಿ ಬಿಚ್ಚಿದಳು. ಚೀಲ ಬಿಗಿಯಾಗಿತ್ತು, ಎಳೆದರೆ ಬರಲಿಲ್ಲ. ಅವಸರದಲ್ಲಿ ಕಾಲುಚೀಲ ಕಳಚುವ ಹಾಗೆ ಮೇಲಿನಿಂದ ಕೆಳಕ್ಕೆ ಸುರುಳಿ ಮಗುಚಿ ಎಳೆದಳು. ಮಗುಚಿದರೆ ಒಳಗಿನದು ಹೊರಗೆ ಬರುತ್ತದೆ ಎಂಬುದು ಲಂಗ ಹೊಲಿಯಲು ಕಲಿಯುವ ಹುಡುಗಿಗೂ ಗೊತ್ತು. ಜೀವಮಾನವೆಲ್ಲ ಹೊಲಿದವಳಿಗೆ ಆ ಗಳಿಗೆಯಲ್ಲಿ ಮರೆತುಹೋಯಿತು.

"ಅತ್ತಿಗೆ! ಅದೇನು ಬಚ್ಚಿಟ್ಟುಕೊಂಡಿದ್ದೀರಿ?" ನಾದಿನಿ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಹಿಂದೆ ಮಗಳು, ಅಳಿಯ.

ಹೊಲಿಗೆಯಮ್ಮ ತಿರುಗಿದಳು. ಸೋರೆಕಾಯಿ ಬಿಸಿಲಿಗೆ ಹೊಳೆಯಿತು. ಒಂದು ಚುಕ್ಕೆಯಿಲ್ಲ, ಒಂದು ಗಾಯವಿಲ್ಲ. ನಾದಿನಿಯ ಬಾಯಿ ತೆರೆಯಿತು.

"ಅಬ್ಬಬ್ಬಾ... ಅತ್ತಿಗೆ! ನಿಮ್ಮ ಕೈಯಲ್ಲೂ..."

ಹೊಲಿಗೆಯಮ್ಮ ಕಾಯನ್ನು ಇನ್ನಷ್ಟು ಎತ್ತಿ ಹಿಡಿದಳು. ಇನ್ನೊಂದೇ ಮಾತು ಬಾಕಿಯಿತ್ತು. ಅಷ್ಟರಲ್ಲಿ ನಾದಿನಿಯ ಕಣ್ಣು ಕಾಯಿಯ ತುದಿಗೆ ಜಾರಿತು. ಅಲ್ಲಿ ಕಂದು ಬಣ್ಣದ ಬಟ್ಟೆ ಜೋತಾಡುತ್ತಿತ್ತು. ಸಣ್ಣ ಕೆಂಪು ಗೆರೆ.

"ಇದು ನಮ್ಮಣ್ಣನ ಪ್ಯಾಂಟು," ಎಂದಳು ನಾದಿನಿ.

ಹೊಲಿಗೆಯಮ್ಮ ಬಟ್ಟೆಯನ್ನು ಸೆರಗಿನಡಿ ಅಡಗಿಸಲು ಹೋದಳು, ಅದು ಪೂರ್ತಿ ಕಳಚಿ ನೆಲಕ್ಕೆ ಬಿತ್ತು.

"ತುಂಬಾ ಬೇಕಾದವರಿಗೆ ಕೊಟ್ಟೆ ಅಂದ್ರಿ."

"ಇದಕ್ಕೂ... ಬೇಕಾಗಿತ್ತು ಕಣಮ್ಮ. ನೊಣ ಚುಚ್ಚುತ್ತಲ್ಲ."

"ಇದು ಒಂದು ಕಾಲು." ನಾದಿನಿಯ ದನಿ ಹಾಜರಿ ಕರೆಯುವವರದಾಯಿತು. "ಇನ್ನೊಂದು ಕಾಲೆಲ್ಲಿ?"

ಹೊಲಿಗೆಯಮ್ಮ ಅಳಿಯ ತೋಡಿದ ಗುಂಡಿಯನ್ನೇ ನೋಡಿದಳು. ಇನ್ನೂ ಸ್ವಲ್ಪ ಆಳ ತೋಡಿದ್ದರೆ ಅನುಕೂಲವಾಗುತ್ತಿತ್ತು.

ಉತ್ತರ ದಫೇದಾರ ಕೊಟ್ಟ. ಮನೆಯೊಳಗಿನಿಂದ ನಾದಿನಿಯ ಕೈಚೀಲದ ಹಿಡಿಕೆಯನ್ನು ಬಾಯಲ್ಲಿ ಕಚ್ಚಿ ದರದರನೆ ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ಕನ್ನಡಕದ ಡಬ್ಬಿ, ಬಾಚಣಿಗೆ, ಮಾತ್ರೆಯ ಚೀಟಿ ಉದುರಿದವು. ಚೀಲವನ್ನು ತಂದು ಸೋರೆಕಾಯಿಯ ಬಟ್ಟೆಯ ಪಕ್ಕಕ್ಕಿಟ್ಟ. ಎರಡನ್ನೂ ಮೂಸಿ, ಎರಡರ ಮೇಲೂ ಬರುವ ಹಾಗೆ ಗಲ್ಲವನ್ನು ಅಡ್ಡಲಾಗಿ ಇಟ್ಟು ಮಲಗಿದ.

ನಾದಿನಿ ಬಗ್ಗಿ, ಚೀಲದ ಬಾಯಿಗೆ ಕೈಹಾಕಿ, ಅಸ್ತರನ್ನು ಕಿತ್ತು, ಒಳಮೈಯನ್ನು ಹೊರಕ್ಕೆ ಮಗುಚಿದಳು. ಕಂದು ಬಣ್ಣ. ಸಣ್ಣ ಕೆಂಪು ಗೆರೆ.

"ಎರಡು ವರ್ಷದಿಂದ," ಎಂದಳು, "ನಾನು ಅಣ್ಣನ ಕಾಲಲ್ಲಿ ತರಕಾರಿ ಹೊತ್ತಿದ್ದೀನಿ."

ಮಗಳಿಗೆ ತಡೆಯಲಾಗಲಿಲ್ಲ, ಕಿಸಕ್ಕೆಂದಳು. ಅಳಿಯ ಗಂಭೀರವಾಗಿ ನಲ್ಲಿಯನ್ನು ಒರೆಸತೊಡಗಿದ. ನಾದಿನಿ ಮೊದಲು ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದವು. "ಕೇಳಿದವರಿಗೇ ಕೊಟ್ಟಿದ್ದೀರಿ ಬಿಡಿ. ಕೇಳೋಕೆ ಮುಂಚೆನೇ ಕೊಟ್ಟಿದ್ದೀರಿ. ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಅರ್ಧ ಪ್ಯಾಂಟು ಕೊಟ್ಟೆ ಅಂತ ಹೇಗೆ ಹೇಳಲಿ ಕಣಮ್ಮ?"

ಬಿರುಗಾಳಿ ಕಳೆಯಿತೆಂದು ಹೊಲಿಗೆಯಮ್ಮ ಮೆಲ್ಲಗೆ ಸೋರೆಕಾಯಿಯನ್ನು ಮುಂದೆ ಚಾಚಿದಳು. "ಆವಾಗ ಏನೋ ಹೇಳ್ತಾ ಇದ್ದೆಯಲ್ಲ? ನಿಮ್ಮ ಕೈಯಲ್ಲೂ... ಅಂತ."

ನಾದಿನಿ ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೊಣಕಾಲಿನ ಬಾಗು ನೋಡಿದಳು. ಹೊಲಿಗೆಯ ಗೆರೆ ಇಸ್ತ್ರಿಯ ಮಡಿಕೆಯಂತೆ ಉದ್ದಕ್ಕೂ ಅಚ್ಚೊತ್ತಿದ್ದನ್ನು ನೋಡಿದಳು.

"ನಿಮ್ಮ ಕೈಯಲ್ಲೇ? ಎಲ್ಲಾದರೂ ಉಂಟೇ ಅತ್ತಿಗೆ!" ಎಂದಳು. "ನಮ್ಮಣ್ಣನ ಕೈಗುಣ ನೋಡಿ. ಅವನೇ ಬರಬೇಕಾಗಿಲ್ಲ, ಬರೀ ಪ್ಯಾಂಟು ಸಾಕು!"

ದಫೇದಾರ ಹೌದೆಂಬಂತೆ ಬಾಲ ಬಡಿದ.

ಆ ಮಧ್ಯಾಹ್ನವೆಲ್ಲ ಹೊಲಿಗೆಯಮ್ಮ ಮಿಷನ್ನಿನ ಮುಂದೆ ಕೂತು ಎರಡು ಕಾಲನ್ನೂ ಸೇರಿಸಿ ಮತ್ತೆ ಪ್ಯಾಂಟು ಮಾಡುತ್ತಿದ್ದಳು. ಅವಳ ಪಾದದ ಮೇಲೆ ದಫೇದಾರನ ಗಲ್ಲ. ಪೆಡಲು ತುಳಿದಾಗಲೆಲ್ಲ ಅವನ ತಲೆ ಏಳುತ್ತಿತ್ತು, ಇಳಿಯುತ್ತಿತ್ತು. ನಾದಿನಿ ಮಗ್ಗುಲಲ್ಲೇ ನಿಂತು ಉಸ್ತುವಾರಿ ಮಾಡುತ್ತಿದ್ದಳು.

"ಹೊಲಿಗೆ ಗಟ್ಟಿಯಾಗಿರಲಿ ಅತ್ತಿಗೆ. ಮುಂದಿನ ಬೇಸಿಗೆಗೆ ಎರಡು ಕಾಲಿಗೂ ಒಂದೊಂದು ಕಾಯಿ ಬಿಡಬೇಕು. ನೀವು ಮಾತ್ರ ನೀರು ಹಾಕೋಕೆ ಹೋಗಬೇಡಿ."