ಭಾಬಿಯ ಜರೀಗಿಡಕ್ಕೆ ನಾನು ಮಾಡಿದ ಆರೈಕೆ

ತಂಬಾಕಿನ ಹೊಲದಲ್ಲಿ ಹುಟ್ಟಿ ಬೆಳೆದವಳಿಗೆ ಕುಂಡದಲ್ಲಿರುವ ಒಂದು ಗಿಡ ಯಾವ ಲೆಕ್ಕ! ಈಗ ನಿಪ್ಪಾಣಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದರೂ, ಕೊಗನೊಳ್ಳಿಯ ತವರಿಗೆ ಹೋದರೆ ಇವತ್ತಿಗೂ ಸಾಲು ಹಿಡಿದು ತಂಬಾಕಿನ ಕುಡಿ ಚಿವುಟುತ್ತೇನೆ. ಕುಡಿ ಚಿವುಟಿದರೆ ಕೆಳಗಿನ ಎಲೆ ಅಗಲವಾಗಿ, ದಪ್ಪವಾಗಿ ಬರುತ್ತದೆ. ಇದು ನಮ್ಮ ಮನೆತನದ ವಿದ್ಯೆ.

ಪಕ್ಕದ ಮನೆಯ ಶಮೀಮ್ ಭಾಬಿ, ಮಗಳ ಎರಡನೆಯ ಹೆರಿಗೆಗೆಂದು ಎರಡು ತಿಂಗಳು ಮೀರಜಿಗೆ ಹೊರಟಾಗ ಕುಂಡದಲ್ಲಿದ್ದ, ಗರಿಯಂಥ ಎಲೆಗಳ ತಮ್ಮ ಜರೀಗಿಡವನ್ನು ನನ್ನ ಕೈಗೆ ಕೊಟ್ಟರು.

“ಅಕ್ಕೋರ, ಕಬ್ಬೂರಾಗ ನಮ್ಮ ತವರುಮನಿ ಬಾವಿ ಕಟ್ಟಿ ಮ್ಯಾಲಿಂದ ಕಿತ್ತು ತಂದಿದ್ದೆ. ಈಗ ಬಾವೀನೂ ಮುಚ್ಯಾರ, ಮನೀನೂ ಮಾರ್ಯಾರ. ನನಗ ತವರು ಅಂತ ಉಳಿದಿದ್ದು ಇದೊಂದ ನೋಡ್ರಿ. ನೆರಳಾಗ ಇಡ್ರಿ, ಮಣ್ಣು ಹಸಿ ಇರ್ಲಿ. ಮತ್ತೇನೂ ಮಾಡಬ್ಯಾಡ್ರಿ.”

“ನೀವು ಬರೂದ್ರಾಗ ಎರಡು ಪಟ್ಟು ಬೆಳಸಿರ್ತೀನ್ರಿ ಭಾಬಿ!” ಅಂದೆ.

ಯಾರು ಕೇಳಿದ್ದರು? ಯಾರೂ ಕೇಳಿರಲಿಲ್ಲ!

ಬಚ್ಚಲ ಮಗ್ಗುಲಿನ ತಂಪು ಮೂಲೆಯಲ್ಲಿ ಇಟ್ಟೆ. ಎರಡೇ ದಿನಕ್ಕೆ ನನಗೆ ಅದರ ಮೇಲೆ ಕನಿಕರ ಬಂತು. ಪಾಪ, ಬಿಸಿಲೇ ಕಾಣದೆ ಯಾವ ಎಲೆ ಬೆಳೆದೀತು? ಮಾಳಿಗೆ ಮೇಲೆ ಒಯ್ದಿಟ್ಟೆ. ಮೂರನೆಯ ದಿನ ಎಲೆಗಳ ಅಂಚು ಹಪ್ಪಳದ ಹಾಗೆ ಸುಟ್ಟಿತ್ತು.

“ಕರಕಾಗೇತಿ, ಕೆಳಗ ತಗೊಂಡ್ ಬಾ ಬೇ,” ಅಂದರು ನಮ್ಮವರು. ಅವರದು ಜುಗೂಳ, ಕೃಷ್ಣಾ ದಂಡೆಯ ಕಬ್ಬಿನ ಊರು.

“ಕಬ್ಬಿನ ಮಂದಿ ನೀವು ಸುಮ್ಕಿರ್ರಿ! ಎಲಿ ಬೆಳಿ ಅಂದ್ರ ನಿಮಗೇನ್ ತಿಳೀತೈತಿ?” ಎಂದೆ. ಅವರು ಆಫೀಸಿಗೆ ಹೋದ ಮೇಲೆ ಸದ್ದಿಲ್ಲದೆ ಕೆಳಗೆ ತಂದೆ.

ಆಗ ಗಮನಿಸಿದೆ. ಗಿಡದ ನಟ್ಟನಡುವೆ ಏಳೆಂಟು ಕುಡಿಗಳು, ಕಂದು ರೋಮ ಹೊದ್ದು ಸುರುಳಿ ಸುತ್ತಿಕೊಂಡು ಎದ್ದಿದ್ದವು. ನನ್ನ ಬೆರಳು ತುರಿಸತೊಡಗಿದವು. ಮನೆತನದ ವಿದ್ಯೆ ಸುಮ್ಮನಿರುತ್ತದೆಯೇ! ಒಂದೂ ಬಿಡದೆ ಎಲ್ಲ ಚಿವುಟಿದೆ. ಆಮೇಲೆ ದಿನಾ ಬೆಳಿಗ್ಗೆ ಎರಡು ಬೆರಳಲ್ಲಿ ಎಲೆ ಹಿಡಿದು ಎಷ್ಟು ದಪ್ಪ ಆಯಿತೆಂದು ನೋಡುತ್ತಿದ್ದೆ.

ದಪ್ಪ ಆಗಲಿಲ್ಲ. ಹೊಸ ಎಲೆಯೂ ಬರಲಿಲ್ಲ.

ಹಟ ಹಿಡಿದೆ. ಕಾರಣ ಹುಡುಕಲು ಎಲೆಯನ್ನು ಮಗುಚಿ ನೋಡಿದರೆ ಅಯ್ಯೋ ದೇವರೇ, ಹಿಂಬದಿಯಲ್ಲಿ ಎರಡು ಸಾಲು ಕಂದು ಚುಕ್ಕೆ! ತುಕ್ಕು ರೋಗ! ಚುಕ್ಕೆ ಇದ್ದ ಎಲೆಗಳನ್ನೆಲ್ಲ ಆರಿಸಿ ಆರಿಸಿ ಕತ್ತರಿಸಿದೆ. ಉಳಿದ ನಾಲ್ಕಕ್ಕೆ ತವರಿಂದ ತರಿಸಿದ ತಂಬಾಕನ್ನು ಕುದಿಸಿ, ಆ ಕಷಾಯ ಸಿಂಪಡಿಸಿದೆ. ಓಣಿಯವರೆಲ್ಲ ಕಿಟಕಿ ಮುಚ್ಚಿಕೊಂಡರು.

“ಏನವಾ ಇದು, ಚಪಾತಿನೂ ತಂಬಾಕ ನಾರಾಕತ್ತಾವ!” ಎಂದು ನಮ್ಮವರು ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋದರು.

ಮರುದಿನ ನಾಲ್ಕೂ ಎಲೆ ಕರ್ರಗೆ ಜೋತುಬಿದ್ದಿದ್ದವು. ಚಿಕ್ಕೋಡಿಯ ಒಬ್ಬ ನರ್ಸರಿಯವನಿಗೆ ಫೋನ್ ಮಾಡಿ ಚುಕ್ಕೆಯಿಂದ ಕಷಾಯದವರೆಗೆ ಎಲ್ಲವನ್ನೂ ಹೇಳಿದೆ.

“ಮೇಡಂ, ಆ ಚುಕ್ಕಿ ರೋಗ ಅಲ್ರಿ, ಅದರ ಬೀಜ ಇದ್ದಂಗ. ಗಿಡ ಗಟ್ಟಿಮುಟ್ಟ ಇದ್ರನ ಬರೂದು.”

“ಮತ್ತ ನಡುವ ಎದ್ದಿದ್ದ ಕಂದು ಸುರುಳಿ?”

“ಅದ ಬಿಚ್ಚಿ ಎಲಿ ಆಗೂದ್ರಿ. ನೀವೇನ ಅದನ್ನೂ...?”

ಫೋನ್ ಇಟ್ಟುಬಿಟ್ಟೆ. ಹುಟ್ಟಬೇಕಾದ ಎಲೆಗಳನ್ನು ಚಿವುಟಿ, ಗಟ್ಟಿ ಎಲೆಗಳನ್ನು ಕತ್ತರಿಸಿ, ಉಳಿದವಕ್ಕೆ ವಿಷ ಹಾಕಿದ್ದೆ. ಭಾಬಿಯ ಮುಚ್ಚಿದ ಬಾವಿ ನೆನಪಾಗಿ ಕುಂಡದ ಮುಂದೆ ಕೂತು ಅತ್ತೆ. ಕುಂಡವನ್ನು ಮತ್ತೆ ಬಚ್ಚಲ ಮೂಲೆಗೆ ಇಟ್ಟು, ದಿನಾ ನೀರು ಚಿಮುಕಿಸಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಏನೂ ಮಾಡದಿರುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ!

ಭಾಬಿ ಬಂದರು. ಎರಡು ಪಟ್ಟು ಬೆಳೆಯಬೇಕಿದ್ದ ಗಿಡದ ಜಾಗದಲ್ಲಿ ನಾಲ್ಕು ಕಂದು ಕಡ್ಡಿಗಳು. ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರ ಕಣ್ಣು ತುಂಬಿದವು. ಆಮೇಲೆ ಮೆಲ್ಲಗೆ ಮಣ್ಣು ಕೆದರಿ ನೋಡಿ, “ಬೇರು ಜೀವಂತ ಐತ್ರಿ ಅಕ್ಕೋರ,” ಎಂದು ಕುಂಡ ಎತ್ತಿಕೊಂಡು ಹೋದರು. ತಿಂಗಳಾಗುವುದರೊಳಗೆ ಕರೆದು ತೋರಿಸಿದರು: ಮೂರು ಸುರುಳಿ! ಸಂತೋಷಕ್ಕೆ ಅವರ ಕೈ ಹಿಡಿದುಕೊಂಡೆ. ನನ್ನ ಕೈಯನ್ನು ಅವರೂ ಗಟ್ಟಿಯಾಗಿ ಹಿಡಿದುಕೊಂಡರು. ಪ್ರೀತಿಗೋ, ಮುಂಜಾಗ್ರತೆಗೋ ತಿಳಿಯಲಿಲ್ಲ.

ಮೊನ್ನೆ ಭಾಬಿ ಮೊಮ್ಮಗಳನ್ನು ನೋಡಲು ಮತ್ತೆ ಮೀರಜಿಗೆ ಹೊರಟರು. ಕುಂಡ ತಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, ತಾವೇ ಬಚ್ಚಲ ಮೂಲೆಯಲ್ಲಿಟ್ಟು ನಮ್ಮವರನ್ನು ಕರೆದರು.

“ಅಣ್ಣಾರ, ಗಿಡ ತನ್ನಷ್ಟಕ್ಕ ತಾನ ಬೆಳೀತೈತಿ, ಅದನ್ನೇನ್ ನೋಡೂದು ಬ್ಯಾಡ. ಅಕ್ಕೋರನ್ನಷ್ಟ ನೋಡ್ಕೋರಿ!”

ಅವತ್ತಿನಿಂದ ನಾನು ಬಚ್ಚಲಿಗೆ ಹೋದರೆ ಸಾಕು, ನಮ್ಮವರು ಹೊರಗೆ ನಿಂತು ಕೆಮ್ಮುತ್ತಾರೆ.