ಅಧ್ಯಕ್ಷರ ಮೂಗಿಗೆ ತಕ್ಕ ಕಾಗದ

ಸಂತೆಕಲ್ಲೂರಿನ ಶುದ್ಧ ಕುಡಿಯುವ ನೀರಿನ ಘಟಕವು ಎಲ್ಲ ರೀತಿಯಿಂದಲೂ ಸಿದ್ಧವಾಗಿದ್ದು, ಆಮಂತ್ರಣ ಪತ್ರಿಕೆಗೆ ತಕ್ಕ ಕಾಗದ ಸಿಗದ ಕಾರಣದಿಂದ ಮಾತ್ರ ಅದರ ಬಾಗಿಲಿಗೆ ಬೀಗ ಹಾಕಲಾಗಿತ್ತು. ಇದರಲ್ಲಿ ಯಾರದೂ ತಪ್ಪಿರಲಿಲ್ಲ.

ಉದ್ಘಾಟನಾ ಸಮಿತಿಯ ಕಾರ್ಯದರ್ಶಿ ಭಾಗ್ಯಶ್ರೀ, ಸಿಂಧನೂರಿನಲ್ಲಿ ಸಮೀಉಲ್ಲಾನ ಪ್ರೆಸ್ಸಿಗೆ ಹೋಗಿ ಠರಾವು ಓದಿ ಹೇಳಿದಳು. ಹೆಸರುಗಳನ್ನು ಹಳೇ ಪದ್ಧತಿಯಂತೆ ಅಚ್ಚುಮೊಳೆಯಿಂದ ಒತ್ತತಕ್ಕದ್ದು. ಗಣ್ಯರ ಫೋಟೊಗಳು ಡಿಜಿಟಲ್ ಮಷಿನ್ನಿನಲ್ಲಿ ಬಣ್ಣಬಣ್ಣವಾಗಿ ಬರತಕ್ಕದ್ದು. ಸಮಿತಿಯ ಅಧ್ಯಕ್ಷ ಕರಿಬಸಪ್ಪನವರ ಮುಖ ಮಾತ್ರ ಕೈಗೆ ತಾಗುವಂತೆ ಉಬ್ಬಿರತಕ್ಕದ್ದು. ಮೂರೂ ಒಂದೇ ಕಾಗದದ ಮೇಲೆ.

ಸಮೀಉಲ್ಲಾ ನುಣುಪಾದ ತೆಳು ಕಾಗದ ಹಾಕಿದ. ಫೋಟೊಗಳು ಥಳಥಳ ಹೊಳೆದವು. ಉಬ್ಬಚ್ಚು ಒತ್ತಿದೊಡನೆ ಅಧ್ಯಕ್ಷರ ಮೂಗು ಕಾಗದ ಹರಿದುಕೊಂಡು ಹೊರಗೆ ಬಂತು. ದಪ್ಪನೆಯ ಹತ್ತಿ ಕಾಗದ ಹಾಕಿದ. ಅದರಲ್ಲಿ ಮೂಗು ಭದ್ರವಾಗಿ ನಿಲ್ಲುತ್ತಿತ್ತು, ಅಕ್ಷರಗಳೂ ಆಳವಾಗಿ ಇಳಿಯುತ್ತಿದ್ದವು. ಡಿಜಿಟಲ್ ಮಷಿನ್ ಮಾತ್ರ ಅದನ್ನು ನುಂಗಲಾರದೆ ಕೆಮ್ಮಿ ನಿಂತುಬಿಟ್ಟಿತು.

"ಮೇಡಮ್ಮೋರ, ಮೂಗು ಜರಾ ತಗ್ಗಿಸಿದ್ರ ನಡಮಧ್ಯದ ದಪ್ಪಿನ ಕಾಗದ ನಡೀತೈತ್ರಿ," ಎಂದ.

ಭಾಗ್ಯಶ್ರೀ ಇದನ್ನು ಸಭೆಗೆ ತಿಳಿಸಿದಳು. ಕರಿಬಸಪ್ಪನವರು ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

"ಮೂಗು ತಗ್ಗಿಸ್ಕೊಂಡು ನಾ ಯಾವ ಮಾರಿ ಹೊತ್ತು ಸಂತೆಕಲ್ಲೂರಿಗೆ ಹೋಗ್ಲಿ?"

ಪ್ರಶ್ನೆಯ ತೂಕವನ್ನು ಸಭೆ ಒಪ್ಪಿತು. ಕಾಗದ ಆಯ್ಕೆ ಉಪಸಮಿತಿ ರಚನೆಯಾಗಿ, ಕೈಕಾಗದಕ್ಕೆ ಹೆಸರಾದ ಜೈಪುರಕ್ಕೆ ಕುಟುಂಬಸಮೇತ ಅಧ್ಯಯನ ಪ್ರವಾಸ ಹೋಗಿ ಬಂದು ವರದಿ ಒಪ್ಪಿಸಿತು: ಅರಮನೆಗಳು ಚೆನ್ನಾಗಿವೆ, ಕಾಗದದ ಅಂಗಡಿಗೆ ಅಂದು ರಜೆ ಇತ್ತು.

ಅಷ್ಟರಲ್ಲಿ ಸಂತೆಕಲ್ಲೂರಿನಿಂದ ಭಾಗ್ಯಶ್ರೀಯ ತಾಯಿ ಪಾರ್ವತೆಮ್ಮ ಫೋನ್ ಮಾಡಿದಳು.

"ಬೋರಿನ ಸವಳು ನೀರು ಕುಡುದು ನಿಮ್ಮಪ್ಪನ ಹೊಟ್ಟಿ ಕೆಟ್ಟೈತಿ. ಬೀಗ ಯಾವಾಗ ತೆಗೀತೀರಿ?"

"ಕಾಗದ ಇನ್ನಾ ಸಿಕ್ಕಿಲ್ಲಬೇ."

"ಕಾಗದಕ್ಕೂ ನೀರಿಗೂ ಏನ್ ಸಂಬಂಧ?"

ಎದುರಿಗಿದ್ದ ಬಾಟಲಿ ನೀರನ್ನು ಅಂದು ಭಾಗ್ಯಶ್ರೀ ಮುಟ್ಟಲಿಲ್ಲ. ತಾಯಿಯ ಪ್ರಶ್ನೆಗೆ ಸಮಿತಿಯಿಂದ ಸ್ಪಷ್ಟೀಕರಣ ಕೇಳಿದಳು. ಮರುದಿನವೇ ಘಟಕದ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಆಮಂತ್ರಣವಿಲ್ಲದೆ ಹರಿಯುವ ನೀರನ್ನು ಅನಧಿಕೃತ ನೀರೆಂದು ಪರಿಗಣಿಸಲಾಗುವುದು."

ಅವಳು ನೇರ ಪ್ರೆಸ್ಸಿಗೆ ಓಡಿದಳು. "ಫೋಟೊ ತೆಳು ಕಾಗದದಾಗ ಹೊಡದು, ದಪ್ಪ ಕಾಗದಕ್ಕ ಅಂಟಿಸಿಬಿಡ್ರಿ. ನಮ್ಮಪ್ಪ ಉಳೀಬೇಕು."

ಸಮಿತಿ ಮೊದಲು ಒಪ್ಪಲಿಲ್ಲ. ಎರಡು ಕಾಗದ ಒಂದಾಗುವುದು ಹೇಗೆ? ಕೊನೆಗೆ, ಅಂಟಿದ ಕಾಗದಗಳನ್ನು ಒಂದೇ ಎಂದು ಭಾವಿಸತಕ್ಕದ್ದೆಂದು ನಿಯಮಕ್ಕೆ ತಿದ್ದುಪಡಿಯಾಯಿತು. ಆಮಂತ್ರಣ ಪತ್ರಿಕೆ ಮಸ್ಕಿ, ಲಿಂಗಸುಗೂರು ಎಲ್ಲ ಕಡೆ ಹಂಚಿಕೆಯಾಯಿತು.

ಉದ್ಘಾಟನೆಯ ದಿನ ಕರಿಬಸಪ್ಪನವರು ನಲ್ಲಿ ತಿರುಗಿಸಿದರು. ಇಷ್ಟು ದಿನ ಬೀಗ ಹಾಕಿದ್ದ ಘಟಕದೊಳಗೆ ಮೋಟರು ತುಕ್ಕು ಹಿಡಿದಿತ್ತು. ಬರೀ ಗಾಳಿ ಬುಸ್ಸೆಂದಿತು. "ಶಬ್ದ ಶುದ್ಧ ಐತ್ರಿ," ಎಂದರು ಎಂಜಿನಿಯರ್. ಚಪ್ಪಾಳೆ ಬಿತ್ತು.

ಭಾಗ್ಯಶ್ರೀ ಗುಂಪಿನಲ್ಲಿ ತಾಯಿಯನ್ನು ಹುಡುಕಿಕೊಂಡು ಹೋದಳು. "ನೀರು ಬರಲಿಲ್ಲಬೇ..."

ಪಾರ್ವತೆಮ್ಮ ಪತ್ರಿಕೆಯ ಮೇಲಿನ ಮೂಗನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ಬರ್ತಾವ ಬಿಡವ್ವ. ಇಂಥಾ ಕಾಗದ ಹುಡುಕಿದವರು, ನೀರು ಹುಡುಕಂಗಿಲ್ಲೇನು?"